ಕೈಯಿರುವ ಕುರ್ಚಿ

ಕುರ್ಚಿ ಕೊಳ್ಳಲು ಹೋದವರನ್ನು ಅಂಗಡಿಯವರು ಮೊದಲು ಕೇಳುವುದು ಬಜೆಟ್ ಎಷ್ಟು ಎಂದು. ಆಮೇಲೆ ಕೇಳುವುದು, ಕೈ ಇರೋದು ಬೇಕಾ, ಇಲ್ಲದ್ದು ಬೇಕಾ ಎಂದು. ಮೊದಲನೆಯ ಪ್ರಶ್ನೆಗೆ ನಾನು ನಾಚಿಕೊಂಡೆ, ಎರಡನೆಯದಕ್ಕೆ ಹೆದರಿದೆ. ನಾಚಿಕೆಯ ಕಾರಣವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೆದರಿಕೆಯ ಕಾರಣ ಹೇಳಬೇಕಾದರೆ ಮಾತ್ರ ನಮ್ಮ ಬೀದಿಯ ಹೆಣಗಳ ವಿಷಯ ಎತ್ತಬೇಕಾಗುತ್ತದೆ. ಕಾಫಿ ಕುಡಿಯುತ್ತಾ ಓದುವ ಅಭ್ಯಾಸವಿದ್ದರೆ ಮೊದಲು ಕಾಫಿ ಮುಗಿಸಿಕೊಂಡು ಬನ್ನಿ.

ಇದನ್ನು ಬರೆಯುತ್ತಾ ಕೂತಿರುವುದೂ ಒಂದು ಕುರ್ಚಿಯ ಮೇಲೆಯೇ. ಅದರ ಎಡಗೈಯ ರೆಕ್ಸಿನ್ ಕಿತ್ತುಹೋಗಿ ಒಳಗಿನ ಹಳದಿ ಸ್ಪಂಜು ಕಾಣುತ್ತದೆ. ಮುಂದೆ ಏನು ಬರೆಯಬೇಕೆಂದು ತೋಚದೆ ನಿಂತಾಗಲೆಲ್ಲ ನನ್ನ ಬೆರಳು ತಾನಾಗಿಯೇ ಆ ಸ್ಪಂಜಿನ ಗುಳಿಗೆ ಹೋಗುತ್ತದೆ. ಆ ಗುಳಿಯನ್ನು ಮಾಡಿದ್ದು ನಾನಲ್ಲ.

ನಾವು ಕನಕಪುರದವರು, ಲಿಂಗವಂತರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೈ ತೊಳೆದು, ಹಣೆಗೂ ತೋಳಿಗೂ ವಿಭೂತಿ ಬಳಿದು, ಕಾಲು ಮಡಿಸಿ, ಎಡಗೈಯಲ್ಲಿ ಲಿಂಗವಿಟ್ಟು, ತಲೆ ವಾಲದ ಹಾಗೆ ಹಣೆಗೊಂದು ಬಟ್ಟೆ ಕಟ್ಟಿ ಮನೆ ಮುಂದೆ ಕೂರಿಸಿದರೆ ನೆಂಟರಿಷ್ಟರು ಬಂದು ಕಾಲು ಮುಟ್ಟಿ, ಅತ್ತು ಹೋಗುತ್ತಾರೆ. ಹೊರುವುದೂ ಕೂರಿಸಿಕೊಂಡೇ, ಹೂಳುವುದೂ ಕೂರಿಸಿಯೇ. ಎಷ್ಟೋ ಕಡೆ ಗೋಡೆಗೆ ಒರಗಿಸಿ ಕೂರಿಸುವುದುಂಟು. ನಮ್ಮ ಬೀದಿಯಲ್ಲಿ ಅದಕ್ಕೆಂದೇ ಒಂದು ಕುರ್ಚಿ ಇತ್ತು. ಹೊನ್ನೆ ಮರದ್ದು. ಎತ್ತರದ ಬೆನ್ನು, ಎರಡೂ ಕಡೆ ಅಗಲವಾದ ಕೈ. ಬೆನ್ನು ಎತ್ತರವಿದ್ದರೆ ಹಣೆಯ ಬಟ್ಟೆ ಕಟ್ಟಲು ಅನುಕೂಲ. ಕೈ ಇದ್ದರೆ ಹೆಣ ಪಕ್ಕಕ್ಕೆ ವಾಲುವುದಿಲ್ಲ. ಮಠದ ಹಿಂದಿನ ಸೌದೆ ಕೋಣೆಯಲ್ಲಿ ಅದನ್ನು ಇಟ್ಟಿರುತ್ತಿದ್ದರು. ಯಾರದಾದರೂ ಮನೆಗೆ ಅದು ಹೊರಟಿತೆಂದರೆ ಯಾರೂ ಬಾಯಿಬಿಟ್ಟು ಹೇಳದೆಯೇ ಬೀದಿಗೆಲ್ಲ ಸುದ್ದಿ ಗೊತ್ತಾಗುತ್ತಿತ್ತು. ಹೆಂಗಸರು ಒಲೆ ಆರಿಸಿ, ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದರು.

ಚಿಕ್ಕವನಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತಾ ನಾನು ಆ ಸೌದೆ ಕೋಣೆಗೆ ನುಗ್ಗಿದೆ. ಕುರ್ಚಿ ಕಂಡಿತು, ಹತ್ತಿ ಕೂತೆ. ನಮ್ಮ ಮನೆಯಲ್ಲಿದ್ದದ್ದು ಒಂದು ಬೆಂಚು ಮತ್ತು ಕೂತರೆ ತೊಡೆ ಚಿವುಟುವ ಕಬ್ಬಿಣದ ಮಡಿಸುವ ಕುರ್ಚಿ. ಅಂಥದ್ದರಲ್ಲಿ ಬೆಳೆದ ನನಗೆ ಅದು ಸಿಂಹಾಸನವೇ ಆಯಿತು. ಕುರ್ಚಿಯ ಕೈ ಮೇಲೆ ಕೈಯಿಟ್ಟು, ಬೆನ್ನಿಗೆ ಒರಗಿ, ಹಾಗೆಯೇ ನಿದ್ದೆ ಹೋಗಿಬಿಟ್ಟೆ. ಹುಡುಕಿಕೊಂಡು ಬಂದವಳು ಅವ್ವ. ಅವಳು ಕಿರುಚಿದ್ದು ಮಠದ ಅಂಗಳದವರೆಗೂ ಕೇಳಿಸಿತಂತೆ. ಮನೆಗೆ ಎಳೆದುಕೊಂಡು ಹೋಗಿ ಬಟ್ಟೆಸಮೇತ ತಲೆ ಮೇಲೆ ನೀರು ಸುರಿದಳು, ಆಮೇಲೆ ಹೊಡೆದಳು, ಆಮೇಲೆ ತಬ್ಬಿಕೊಂಡು ಅತ್ತಳು.

“ಸತ್ತೋರ ಕುರ್ಚಿ ಕಣೋ ಅದು! ಬದುಕಿರೋರು ಕೂತ್ರೆ ಅದು ಬುಡಾಕಿಲ್ಲ ಕಣೋ ಮಗ, ಬುಡಾಕಿಲ್ಲ!”

ಹೀಗೆ ನನ್ನ ಬಾಲ್ಯದಲ್ಲಿ ಕೈಯಿರುವ ಕುರ್ಚಿಗಳೆಲ್ಲ ಒಂದೇ ಜಾತಿಗೆ ಸೇರಿದವು. ಕ್ಷೌರದಂಗಡಿಯ ಕುರ್ಚಿ ಹತ್ತದೆ ಬಾಗಿಲ ಬಳಿಯ ಬೆಂಚಿನ ಮೇಲೆಯೇ ತಲೆ ಕೊಡುತ್ತಿದ್ದೆ. ಟೆಂಟಿನಲ್ಲಿ ಸಿನಿಮಾ ನೋಡಲು ಹೋದರೆ ಕುರ್ಚಿ ಕ್ಲಾಸಿಗೆ ಹೋಗದೆ ನೆಲದಲ್ಲೇ ಕೂರುತ್ತಿದ್ದೆ. ನೋಡಿದವರು ಪಾಪ, ಬಡವರ ಮಗ ಅಂದುಕೊಂಡರು. ಅದೂ ಸುಳ್ಳೇನಲ್ಲ. ಆದರೆ ನನ್ನ ತೊಂದರೆ ಬಡತನಕ್ಕಿಂತ ಹಳೆಯದಾಗಿತ್ತು. ಪ್ರೈಮರಿ ಶಾಲೆಯ ಹೆಡ್ಮಾಸ್ಟರು ತಮ್ಮ ಕುರ್ಚಿಗೊರಗಿ ಮಧ್ಯಾಹ್ನ ಕಣ್ಣು ಮುಚ್ಚಿದಾಗ, ಇವರನ್ನು ಯಾವಾಗ ಎತ್ತುತ್ತಾರೋ ಎಂದು ಕಿಟಕಿಯಲ್ಲಿ ಕಾದು ನಿಂತು ಏಟು ತಿಂದಿದ್ದೂ ಉಂಟು.

ದೊಡ್ಡವನಾದ ಮೇಲೆ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ರಾಗಿ ಹೊಲಗಳಲ್ಲಿ ತಗಡಿನ ಶೆಡ್ಡುಗಳು ಏಳುತ್ತಿದ್ದವು. ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆ. ನಾನು ಆಫೀಸಿನಲ್ಲಿ ಕಂಪ್ಯೂಟರ್ ಕುಟ್ಟುವವನು. ನನಗೊಂದು ಸ್ಟೂಲು, ಮ್ಯಾನೇಜರಿಗೊಂದು ಕುರ್ಚಿ. ಆ ಕುರ್ಚಿಯನ್ನು ನೀವು ನೋಡಬೇಕಿತ್ತು. ಕಪ್ಪು ರೆಕ್ಸಿನ್ನು, ತಲೆಗಿಂತ ಎತ್ತರದ ಬೆನ್ನು, ದಿಂಬಿನಂಥ ಕೈಗಳು, ಕೆಳಗೆ ಚಕ್ರ. ಮ್ಯಾನೇಜರು ದಪ್ಪನೆಯ ಮನುಷ್ಯ. ಅವರು ಒರಗಿದಾಗ ಅದು ನಿಟ್ಟುಸಿರು ಬಿಡುತ್ತಿತ್ತು. ನನಗೇನೂ ಹೊಟ್ಟೆಕಿಚ್ಚಿರಲಿಲ್ಲ. ಕೂತುಕೊಳ್ಳಪ್ಪ ಎಂದು ಅವರೇ ಬಿಟ್ಟುಕೊಟ್ಟಿದ್ದರೂ ನಾನು ಕೂರುತ್ತಿರಲಿಲ್ಲ.

ಕೆಲವು ವರ್ಷ ನಡೆದ ಕಾರ್ಖಾನೆ ಒಂದು ದಿನ ಬೀಗ ಹಾಕಿಕೊಂಡಿತು. ಮಾಲೀಕರು ತಮಿಳುನಾಡಿನ ಕಡೆ ಹೊಸ ಶೆಡ್ಡು ಹಾಕಿದ್ದಾರೆಂದು ಗೇಟಿನ ಹತ್ತಿರ ಮಾತಾಡಿಕೊಂಡರು. ನಾನು ಸ್ಟೂಲಿನಿಂದ ಎದ್ದು, ಆ ಸ್ಟೂಲು ದಯಪಾಲಿಸಿದ ಬೆನ್ನುನೋವನ್ನು ಹೊತ್ತುಕೊಂಡು ಮನೆಗೆ ಬಂದೆ. ನಡುಮನೆಯ ಮೂಲೆಯಲ್ಲಿ ಹಳೆಯ ಕಂಪ್ಯೂಟರು, ಪ್ರಿಂಟರು ಇಟ್ಟು ಡಿಟಿಪಿ ಕೆಲಸ ಶುರುಮಾಡಿದೆ. ಮದುವೆ, ಗೃಹಪ್ರವೇಶ, ನಾಮಕರಣದ ಕಾರ್ಡುಗಳು. ಮಂಗಳಕಾರ್ಯದ ಕಾರ್ಡುಗಳ ಮೂಲೆಗೆ ಅರಿಶಿನ ಹಚ್ಚುವ ಕೆಲಸ ಅವ್ವನದು. ಬೆರಳ ತುದಿ ಸದಾ ಹಳದಿಯಾಗಿರುತ್ತಿತ್ತು. ತಿಥಿ, ಆರಾಧನೆಯ ಕಾರ್ಡು ಬಂದರೆ ಅರಿಶಿನದ ಬಟ್ಟಲನ್ನು ಗೂಡಿಗಿಟ್ಟು, “ಇವತ್ತು ನಂಗೆ ರಜ” ಎಂದು ಹೇಳಿ ಹೊರಗಿನ ಜಗಲಿಗೆ ಹೋಗಿಬಿಡುತ್ತಿದ್ದಳು.

ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕಂಪ್ಯೂಟರ್ ಕುಟ್ಟಿ ಕುಟ್ಟಿ ನನ್ನ ಬೆನ್ನು ಬಗ್ಗಿದ್ದು ನೆಟ್ಟಗಾಗುವುದನ್ನೇ ಮರೆತಾಗ ಹೆಂಡತಿ ಗಿರಿಜ, “ಒಂದು ನೆಟ್ಟನೆ ಕುರ್ಚಿ ತಕ್ಕಳ್ರಿ, ನಿಮ್ಮ ನರಳಾಟ ಕೇಳಕಾಗಾಕಿಲ್ಲ” ಎಂದಳು. ಕುರ್ಚಿ ನೋಡಲು ಜೊತೆಗೆ ಬಂದವನು ಪುಟ್ಟಸ್ವಾಮಿ. ದೊಡ್ಡಆಲಹಳ್ಳಿಯವನು. ಕಾರ್ಖಾನೆಯಲ್ಲಿ ಲಾರಿಗೆ ಪೆಟ್ಟಿಗೆ ತುಂಬಿಸುತ್ತಿದ್ದವನು. ಅವನ ಹತ್ತಿರ ಬೈಕಿತ್ತು, ಕೆಲಸವಿರಲಿಲ್ಲ, ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು. ಸಂಬಂಧ ನೋಡಲು ಹೊರಟವರ ಹಾಗೆ ನಾವು ಜಿಲ್ಲೆಯನ್ನೆಲ್ಲ ಸುತ್ತಿದೆವು.

ರಾಮನಗರದ ಅಂಗಡಿಯಲ್ಲಿ ಬೆನ್ನಿಗೆ ಬಲೆ ಕಟ್ಟಿದ ಕುರ್ಚಿಗಳಿದ್ದವು. ಗಾಳಿಯಾಡುತ್ತದೆ, ಬೆವರುವುದಿಲ್ಲ ಎಂದು ಅಂಗಡಿಯವರು ಹೊಗಳಿದರು. ಪುಟ್ಟಸ್ವಾಮಿ ಬಲೆಯನ್ನು ಬೆರಳಿನಿಂದ ಮೀಟಿ, “ಇದು ಕುರ್ಚಿ ಅಲ್ಲ ಕಣ್ಲಾ, ಸೊಳ್ಳೆ ಪರದೆ” ಎಂದ. ಇನ್ನೊಂದರ ದಿಂಬು ಕೂತ ಕೂಡಲೇ ತಗ್ಗಿತು, ಎದ್ದರೆ ಮೇಲೆ ಬರಲಿಲ್ಲ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುತ್ತಿದ್ದ ಬಡಗಿಯೊಬ್ಬರು ಗೊಂಬೆಗೆ ಗಿರಾಕಿ ಕಡಿಮೆಯಾಗಿ ಕುರ್ಚಿ ಮಾಡಲು ಹೊರಟಿದ್ದರು. ಗಟ್ಟಿಯಾದ ಮಾಲು, ಅರಗಿನ ಬಣ್ಣದ ಹೊಳಪು ಬೇರೆ. ಆದರೆ ಕಂಪ್ಯೂಟರಿನ ಮುಂದೆ ಕೂತವನು ಹೊತ್ತು ಹೊತ್ತಿಗೆ ಹಿಂದೆ ಮುಂದೆ ಸರಿಯಬೇಕು, ಅದನ್ನು ಸರಿಸಲು ಇಬ್ಬರು ಬೇಕಿತ್ತು. ಕೊನೆಗೆ ಹಾರೋಹಳ್ಳಿಯ ಗುಜರಿಗೆ ಹೋದೆವು. ಮುಚ್ಚಿದ ಕಾರ್ಖಾನೆಗಳ ಮೇಜು ಕುರ್ಚಿಗಳೆಲ್ಲ ಬಂದು ಬೀಳುತ್ತಿದ್ದ ಜಾಗ ಅದು. ಮುರಿದ ಫ್ಯಾನುಗಳ ನಡುವೆ ನಮ್ಮ ಮ್ಯಾನೇಜರರ ಕುರ್ಚಿ ನಿಂತಿತ್ತು.

ಪುಟ್ಟಸ್ವಾಮಿ ಹೋಗಿ ಧೊಪ್ಪನೆ ಕೂತು ಕಾಲಾಡಿಸಿದ. “ಲೇ ಶಿವೂ, ನೋಡ್ಲಾ, ಕಮ್ಮೀಲಿ ಬತ್ತದೆ. ಹೊಸಾದು ತಕ್ಕಂಡ್ರೂ ಇಂಥಾದು ಸಿಗಾಕಿಲ್ಲ. ಬಾ, ಕೂತ್ಕಂಡು ನೋಡು ಒಸಿ.”

ನಾನು ಮುಂದಕ್ಕೆ ಹೋಗಲಿಲ್ಲ. “ಅದಕ್ಕೆ ಕೈ ಐತೆ ಕಣೋ” ಎಂದೆ.

“ಕುರ್ಚಿ ಅಂದ್ಮೇಲೆ ಕೈ ಇರದೇ ಬಾಲ ಇರ್‍ತದಾ?”

ಕನಕಪುರಕ್ಕೆ ವಾಪಸು ಬಂದು, ಮೊಟಕು ಬೆನ್ನಿನ, ಕೈಯಿಲ್ಲದ, ನೀಲಿ ಬಟ್ಟೆಯ ಟೈಪಿಸ್ಟ್ ಕುರ್ಚಿಯೊಂದನ್ನು ಕೊಂಡೆ. ಅಷ್ಟು ತಿರುಗಿ, ಅಷ್ಟನ್ನು ಹೋಲಿಸಿ ನೋಡಿ, ಎಲ್ಲಕ್ಕಿಂತ ಕಳಪೆಯಾದದ್ದನ್ನು ಆರಿಸಿಕೊಂಡ ಗಿರಾಕಿ ನಾನೊಬ್ಬನೇ ಇರಬೇಕು. ಮನೆಗೆ ತಂದಾಗ ಅವ್ವ ಅದರ ಸುತ್ತ ಒಂದು ಸುತ್ತು ಬಂದಳು, ಎರಡೂ ಪಕ್ಕ ಸವರಿ ನೋಡಿದಳು. ಕೈ ಇಲ್ಲವೆಂದು ಖಾತ್ರಿಯಾದ ಮೇಲೆ ಅದಕ್ಕೂ ಮೂಲೆಯಲ್ಲಿ ಇಷ್ಟು ಅರಿಶಿನ ಹಚ್ಚಿದಳು.

ಆ ಚಳಿಗಾಲದಲ್ಲಿ ಅವ್ವನ ಪಾದ ಊದತೊಡಗಿತು. ಆಮೇಲೆ ಮಲಗಿದರೆ ಉಸಿರು ಕಟ್ಟತೊಡಗಿತು. ಎದ್ದು ಕೂತರೆ ಸ್ವಲ್ಪ ವಾಸಿ. ಹೃದಯಕ್ಕೆ ಶಕ್ತಿ ಸಾಲುತ್ತಿಲ್ಲ, ಎದೆಗೆ ನೀರು ತುಂಬಿಕೊಳ್ಳುತ್ತಿದೆ ಎಂದರು ಡಾಕ್ಟರು. ಮಾತ್ರೆ ಬರೆದರು. ಹೊರಗೆ ಬಂದು ನನ್ನೊಬ್ಬನಿಗೇ ಹೇಳಿದರು: ಇನ್ನು ಮಲಗಿಸಬೇಡಿ, ಒರಗಿ ಕೂತೇ ನಿದ್ದೆ ಮಾಡಲಿ, ಅವರ ಪಾಲಿಗೆ ಈಗ ನಿದ್ದೆಗಿಂತ ದೊಡ್ಡ ಔಷಧಿ ಇಲ್ಲ.

ಒರಗಿ ಕೂರುವುದು ಎಂದರೆ ಸುಲಭ ಅಂದುಕೊಂಡೆ. ಮಂಚದ ಮೇಲೆ ದಿಂಬು ಪೇರಿಸಿದರೆ ಒಂದೊಂದಾಗಿ ಜಾರಿ, ಅವ್ವನೂ ಜಾರುತ್ತಿದ್ದಳು. ನೆಲದ ಮೇಲೆ ಗೋಡೆಗೆ ಒರಗಿಸೋಣವೆಂದರೆ ಮಂಡಿ ಮಡಿಸಲು ಬರುತ್ತಿರಲಿಲ್ಲ. ನನ್ನ ನೀಲಿ ಕುರ್ಚಿಯ ಮೇಲೆ ಕೂರಿಸಿದೆವು. ತೂಕಡಿಕೆ ಬಂದ ಕ್ಷಣಕ್ಕೆ ಪಕ್ಕಕ್ಕೆ ಉರುಳಿ ಬಿದ್ದಳು. ತಡೆಯಲು ಅದಕ್ಕೆ ಕೈಗಳೇ ಇರಲಿಲ್ಲವಲ್ಲ. ಹುಬ್ಬಿನ ಮೇಲೆ ಗೋಲಿಯಷ್ಟು ಗಾತ್ರದ ಬುಗುಟು ಬಂತು. ನಿದ್ದೆ ಬಂದರೆ ಬೀಳುತ್ತೇನೆಂಬ ಭಯಕ್ಕೆ ಆಮೇಲೆ ಅವಳು ನಿದ್ದೆಯನ್ನೇ ತಡೆದುಕೊಳ್ಳತೊಡಗಿದಳು. ನಿದ್ದೆಗೆಟ್ಟು ಕೆಂಪಾದ ಅವಳ ಕಣ್ಣು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಪುಟ್ಟಸ್ವಾಮಿಯನ್ನು ಕರೆದುಕೊಂಡು ಹಾರೋಹಳ್ಳಿಗೆ ಹೋದೆ. ಮ್ಯಾನೇಜರರ ಕುರ್ಚಿಯನ್ನು ಇನ್ನೂ ಯಾರೂ ಕೊಂಡಿರಲಿಲ್ಲ. ಗೂಡ್ಸ್ ಆಟೋದಲ್ಲಿ ಅದನ್ನು ಹಗ್ಗ ಹಾಕಿ ಕಟ್ಟಿ, ಬೀದಿಯವರ ಕಣ್ಣಿಗೆ ಬೀಳದಿರಲೆಂದು ಹಳೆಯ ದುಪ್ಪಟಿ ಹೊದಿಸಿ ತಂದೆವು. ದುಪ್ಪಟಿ ಹೊದ್ದು ಕೂತಿದ್ದ ಅದು ಇನ್ನಷ್ಟು ಹೆಣದ ಹಾಗೆಯೇ ಕಂಡಿತೆಂದು ಗಿರಿಜ ಆಮೇಲೆ ಹೇಳಿದಳು.

ಅವ್ವ ನೋಡಿದಳು. ಉಸಿರು ಸಾಲದೆ ತುಂಡು ತುಂಡಾಗಿ ಹೇಳಿದಳು:

“ನಾನಿನ್ನೂ ಸತ್ತಿಲ್ಲ ಕಣಪ್ಪ.”

“ಅಯ್ಯೋ, ಅವ್ವ, ಇದು ಆಫೀಸಿಂದು. ನಮ್ಮ ಮ್ಯಾನೇಜರ್ರು ಕೂತ್ಕತಿದ್ದುದು.”

“ಅಂವ ಎಲ್ಲವ್ನೆ ಈಗ?”

ಕುರ್ಚಿ ಜಗಲಿಯಲ್ಲೇ ದುಪ್ಪಟಿ ಹೊದ್ದು ಉಳಿಯಿತು. ಅವ್ವ ಕಂಬಕ್ಕೆ ಒರಗಿ, ಬೆಂಚಿಗೆ ಒರಗಿ, ಗಿರಿಜಳ ಹೆಗಲಿಗೆ ಒರಗಿ ಚೂರುಪಾರು ನಿದ್ದೆ ಮಾಡುತ್ತಿದ್ದಳು. ಬೈದೆ, ಬೇಡಿಕೊಂಡೆ, ದೇವರ ಮೇಲೆ ಆಣೆ ಹಾಕಿದೆ. ಜಗ್ಗಲಿಲ್ಲ. ಅವಳನ್ನು ಬಲವಂತವಾಗಿ ಎತ್ತಿ ಕೂರಿಸಲು ನನಗೂ ಮನಸ್ಸು ಬರುತ್ತಿರಲಿಲ್ಲ. ಆ ಹೆದರಿಕೆಯನ್ನು ಅವಳಿಂದಲೇ ಪಡೆದವನು ನಾನು.

ಒಂದು ಮಧ್ಯಾಹ್ನ ಊಟವಾದ ಮೇಲೆ, ಯಾರೂ ಕೇಳದೆಯೇ, ಅವ್ವ ಜಗಲಿಯ ಕಡೆ ಕೈ ತೋರಿದಳು.

“ತತ್ತಾ ಅದ ಒಳೀಕೆ. ಹೋದ್ಮೇಲೆ ಕೂತ್ಕಳಾದು ಹೆಂಗೂ ಐತೆ. ಇದ್ದಾಗ್ಲೇ ಒಸಿ ಕೂತ್ಕತೀನಿ.”

ಕೂರಿಸಿದೆವು. ಕಾಲು ನೆಲಕ್ಕೆ ಎಟುಕಲಿಲ್ಲ. ಪುಟ್ಟಸ್ವಾಮಿ ಸೀಟಿನ ಅಡಿಯ ಕಡ್ಡಿಯನ್ನು ಅವಳ ಬೆರಳಿಗೆ ತೋರಿಸಿ, “ಇದ ಎಳಿ ಅವ್ವ” ಎಂದ. ಎಳೆದಳು. ಉಸ್ಸೆಂದು ಕುರ್ಚಿ ಕೆಳಗಿಳಿಯಿತು, ಅವಳ ಊದಿದ ಪಾದಗಳು ನೆಲ ಮುಟ್ಟಿದವು. “ಅಯ್ಯೋ ಶಿವನೇ, ಇಳೀತಲ್ಲೋ ಇದು!” ಎಂದು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಂತಿತು, ಎರಡು ಕೈಗಳನ್ನು ಕುರ್ಚಿಯ ಕೈಗಳ ಮೇಲಿಟ್ಟು ಒರಗಿದಳು. ಪುಟ್ಟಸ್ವಾಮಿ “ಈಗ ನೀನೇ ಮ್ಯಾನೇಜರ್ರು ಕಣವ್ವ” ಎಂದದ್ದು ಅವಳಿಗೆ ಕೇಳಿಸಲಿಲ್ಲ. ಆಗಲೇ ನಿದ್ದೆ ಹತ್ತಿತ್ತು. ಗಿರಿಜ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದಳು. ಅವ್ವ ದೀಪ ಹಚ್ಚುವ ಹೊತ್ತಿನವರೆಗೂ ನಿದ್ದೆ ಮಾಡಿದಳು.

ಆ ಬೇಸಿಗೆಯೆಲ್ಲ ನಡುಮನೆಯಲ್ಲಿ ಎರಡು ಕುರ್ಚಿಗಳಿದ್ದವು. ಕೈಯಿಲ್ಲದ್ದರ ಮೇಲೆ ನಾನು, ನನ್ನ ಬೆನ್ನ ಹಿಂದೆ ಕೈಯಿರುವುದರ ಮೇಲೆ ಅವ್ವ. ಒಳ್ಳೆಯ ದಿನಗಳಲ್ಲಿ ತೊಡೆಯ ಮೇಲೆ ಕಾರ್ಡುಗಳನ್ನಿಟ್ಟುಕೊಂಡು ಅರಿಶಿನ ಹಚ್ಚುತ್ತಿದ್ದಳು. ಕೆಟ್ಟ ದಿನಗಳಲ್ಲಿ ಉಸಿರಿಗೆ ಒದ್ದಾಡುತ್ತಾ ಎಡಗೈಯ ಉಗುರಿನಿಂದ ರೆಕ್ಸಿನ್ನನ್ನು ಕೆರೆಯುತ್ತಿದ್ದಳು. ಆ ಸದ್ದು ನನ್ನ ಕೀಬೋರ್ಡಿನ ಸದ್ದಿನ ನಡುವೆ ಕೇಳುತ್ತಿತ್ತು. ಯಾರದೋ ಮಗಳ ಮದುವೆಯ ಕಾರ್ಡಿನಲ್ಲಿ “ತಮ್ಮ ಆಗಮನಾಭಿಲಾಷಿಗಳು” ಎಂದು ಕುಟ್ಟುತ್ತಿರುವಾಗ ಹಿಂದೆ ಪರಪರ ಕೆರೆತ. ತಿರುಗಿ ನೋಡಿದರೆ, “ನೀನು ನಿನ್ ಕೆಲ್ಸ ಮಾಡು” ಎಂದು ಕೈಯಾಡಿಸುತ್ತಿದ್ದಳು. ಸ್ವಲ್ಪ ಸ್ವಲ್ಪವೇ ಸ್ಪಂಜು ಹೊರಗೆ ಬಂತು.

ಒಂದು ಬೆಳಗ್ಗೆ ಆ ಸದ್ದು ನಿಂತಿತು. ನಿದ್ದೆ ಬಂದಿದೆ, ಒಳ್ಳೆಯದಾಯಿತು ಅಂದುಕೊಂಡು ನಾನು ಕೆಲಸ ಮುಂದುವರಿಸಿದೆ. ಗಿರಿಜ ಕಾಫಿ ತಂದು ಕೊಡಲು ಹೋದಳು. ಲೋಟ ಕೆಳಗೆ ಬಿದ್ದ ಸದ್ದಿಗೆ ತಿರುಗಿದೆ. ಅವ್ವ ಒರಗಿ ಕೂತಿದ್ದಳು. ಎರಡೂ ಕೈ ಎರಡೂ ಕಡೆ ಇದ್ದವು. ಪಕ್ಕಕ್ಕೆ ವಾಲಿರಲಿಲ್ಲ.

ಬೀದಿಯ ಹಿರಿಯರು ನಂಜುಂಡಪ್ಪನವರು ಬಂದರು. ಮಠದ ಹೊನ್ನೆ ಕುರ್ಚಿಗೆ ಗೆದ್ದಲು ಹಿಡಿದು ಕಾಲು ಮುರಿದು ಆಗಲೇ ಒಲೆ ಸೇರಿತ್ತು. ಈಗ ಯಾರ ಮನೆಯ ಕುರ್ಚಿ ತರುವುದು ಎಂಬ ಮಾತು ಎದ್ದಿತು. ಅಂಥ ಮಾತೆದ್ದಾಗ ಎಲ್ಲರ ಮನೆಯಲ್ಲೂ ಇರುವ ಕುರ್ಚಿಗಳು ಇದ್ದಕ್ಕಿದ್ದ ಹಾಗೆ ಇಲ್ಲವಾಗುತ್ತವೆ. ಆಗ ಪುಟ್ಟಸ್ವಾಮಿ, “ಯಾರ್‍ನ ಕೇಳ್ತೀರಿ ಯಜಮಾನ್ರೆ? ಅವ್ವ ಆಗ್ಲೇ ಕೂತವ್ಳಲ್ಲ” ಎಂದ.

ಕುರ್ಚಿಗೆ ಚಕ್ರವಿತ್ತು. ಹೆಗಲು ಕೊಡದೆ, ಎತ್ತದೆ, ಅವ್ವನನ್ನು ಅವಳ ನಡುಮನೆಯಲ್ಲಿ ಉರುಳಿಸಿಕೊಂಡು ಹೋದೆವು. ಹೊಸ್ತಿಲಲ್ಲಿ ಮಾತ್ರ ಕುರ್ಚಿಸಮೇತ ಎತ್ತಿದೆವು. ಹಿತ್ತಲಲ್ಲಿ ಹೆಂಗಸರು ಸೀರೆ ಅಡ್ಡಹಿಡಿದು ಕೂತಲ್ಲೇ ಮೈ ತೊಳೆಸಿದರು. ಮಂಡಿ ಮಡಿಸಲಾಗದೆ ಅಷ್ಟು ದಿನ ಒದ್ದಾಡಿದವಳ ಕಾಲುಗಳು ಆವತ್ತು ಸುಲಭವಾಗಿ ಮಡಿಸಿಕೊಂಡವಂತೆ. ಮನೆ ಮುಂದೆ ತಂದು, ಜರುಗದ ಹಾಗೆ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಹಣೆಯ ಬಟ್ಟೆಯನ್ನು ಆ ಎತ್ತರದ ಬೆನ್ನಿಗೆ ಕಟ್ಟಿದರು. ಬೆನ್ನು ಎತ್ತರವಿದ್ದದ್ದರಿಂದ ಕಟ್ಟಲು ಅನುಕೂಲವಾಯಿತು ಎಂದು ಯಾರೋ ಹೇಳಿದ್ದು ನನಗೆ ಕೇಳಿಸಿತು.

ಮಧ್ಯಾಹ್ನ ಅವ್ವನನ್ನು ಹೊರಲು ಕಟ್ಟಿದ್ದ ಹೂವಿನ ವಿಮಾನಕ್ಕೆ ಎತ್ತಿ ಕೂರಿಸುವಾಗ ಯಾರ ಮಂಡಿಯೋ ಕುರ್ಚಿಯ ಅಡಿಯ ಕಡ್ಡಿಗೆ ತಗುಲಿತು. ಭಾರವಿಲ್ಲದ ಕುರ್ಚಿ ಉಸ್ಸೆಂದು ತಾನಾಗಿಯೇ ಮೇಲೆದ್ದಿತು. ಜನ ಎರಡು ಹೆಜ್ಜೆ ಹಿಂದೆ ಸರಿದರು. ಮುದುಕಿಯೊಬ್ಬಳು “ಎದ್ಲು ಕಣ್ರಪ್ಪೋ, ಮಾದೇವಮ್ಮ ಎದ್ಲು!” ಎಂದು ಅವ್ವನ ಹೆಸರು ಹಿಡಿದು ಕೂಗಿ ಕೈ ಮುಗಿದಳು. ನನಗೆ ನಗು ಬಂತು. ತಾಯಿಯ ಹೆಣದ ಮುಂದೆ ಗಟ್ಟಿಯಾಗಿ ನಕ್ಕುಬಿಟ್ಟೆ. ಅಲ್ಲಿಯವರೆಗೆ ಒಂದು ಹನಿ ಅತ್ತಿರಲಿಲ್ಲ. ಆ ನಗು ನಿಲ್ಲಿಸಲು ಹೋಗಿ ಅಳು ಶುರುವಾಯಿತು. ಪುಟ್ಟಸ್ವಾಮಿ ನನ್ನನ್ನು ತಬ್ಬಿ ಹಿಡಿದುಕೊಂಡ. ಮಣ್ಣು ಮುಗಿಯುವವರೆಗೂ ಬಿಡಲಿಲ್ಲ.

ಮಣ್ಣಾದ ಮೇಲೆ ಕುರ್ಚಿ ಬೀದಿಯಲ್ಲೇ ನಿಂತಿತ್ತು. ಅದನ್ನು ಮಠದ ಸೌದೆ ಕೋಣೆಗೆ ಸೇರಿಸಬೇಕು, ಮುಂದೆ ಬೀದಿಗೆ ಬೇಕಾಗುತ್ತದೆ ಎಂದರು ನಂಜುಂಡಪ್ಪನವರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಾನು ಬಕೆಟ್ಟಿನಲ್ಲಿ ನೀರು ತಂದು ಅದನ್ನು ತೊಳೆಯತೊಡಗಿದೆ.

“ಮನೇಲಿ ಇಟ್ಕಬಾರ್‍ದು ಕಣಪ್ಪ ಶಿವು. ಕೂತೋರ್‍ನ ಅದು ಬುಡಾಕಿಲ್ಲ.”

“ಬುಡದು ಬ್ಯಾಡ ಅಂತಾನೇ ಇಟ್ಕತಾ ಇರಾದು, ಯಜಮಾನ್ರೆ” ಎಂದೆ.

ಅವರು ನನ್ನ ಮುಖ ನೋಡಿ, ಹೆಗಲಿನ ಟವೆಲ್ಲು ಕೊಡವಿ ಹೊರಟುಹೋದರು. ಬೀದಿಗೆ ಕೈಯಿರುವ ಕುರ್ಚಿಯೊಂದನ್ನು ನಾನು ಬಾಕಿ ಉಳಿಸಿಕೊಂಡಿದ್ದೇನೆ ಎಂದು ಈಗಲೂ ಕೆಲವರು ಆಡಿಕೊಳ್ಳುತ್ತಾರೆ. ನೀಲಿ ಕುರ್ಚಿಯನ್ನು ಕೊಡುತ್ತೇನೆಂದರೆ ಯಾರಿಗೂ ಬೇಡ. ಹೆಣ ಉರುಳಿಬೀಳುತ್ತದಂತೆ.

ಮನೆಯಲ್ಲಿ ಮೊದಲು ಮಾಡಬೇಕಾದ ಕೆಲಸ ಅವ್ವನ ಶಿವಗಣಾರಾಧನೆಯ ಕಾರ್ಡಿನದೇ ಆಗಿತ್ತು. ಬೇರೆಯವರಿಗೆ ಮಾಡಿಕೊಡುವವನು ನನ್ನ ತಾಯಿಯದನ್ನು ಬೇರೆಯವರ ಕೈಯಲ್ಲಿ ಮಾಡಿಸಲೇ? ಕಂಪ್ಯೂಟರ್ ಹಾಕಿದೆ. ಅರಿಶಿನದ ಬಟ್ಟಲು ಗೂಡಿನಲ್ಲಿತ್ತು, ಅವ್ವನಿಗೆ ರಜ. ನೀಲಿ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಕಪ್ಪು ಕುರ್ಚಿಯನ್ನು ಎಳೆದುಕೊಂಡೆ. ಸೌದೆ ಕೋಣೆಯಲ್ಲಿ ನಿದ್ದೆ ಹೋದವನು ಅಷ್ಟು ವರ್ಷದ ಮೇಲೆ ಮತ್ತೆ ಕೈಯಿರುವ ಕುರ್ಚಿಯ ಮೇಲೆ ಕೂತೆ. ಕೈಯೆರಡನ್ನೂ ಇಟ್ಟೆ. ಎಡಗೈ ಬೆರಳು ಸ್ಪಂಜಿನ ಗುಳಿಗೆ ಹೋಯಿತು. ಇನ್ನೂ ಒದ್ದೆಯಾಗಿತ್ತು.

ಕುರ್ಚಿ ಆವತ್ತು ಎದ್ದಷ್ಟೇ ಎತ್ತರದಲ್ಲಿತ್ತು. ನನ್ನ ಬೆನ್ನಿಗೆ, ಮೇಜಿಗೆ ಸರಿಯಾಗಿಯೇ ಇತ್ತು. ಅಡಿಯ ಕಡ್ಡಿಯನ್ನು ಎಳೆದೆ. ಉಸ್ಸೆಂದು ಕೆಳಗಿಳಿದು ಅವ್ವನ ಎತ್ತರಕ್ಕೆ ನಿಂತಿತು. ಮಂಡಿ ಎದೆಗೆ ಬಂತು, ಕೀಬೋರ್ಡು ಗಲ್ಲದ ಹತ್ತಿರ ಬಂತು. ಹಾಗೆಯೇ ಅವಳ ಹೆಸರು ಕುಟ್ಟಿದೆ.

ಈಗಲೂ ಹಾಗೆಯೇ ಕೂರುತ್ತೇನೆ. ಇದನ್ನು ಬರೆಯುತ್ತಿರುವಾಗ ಗಿರಿಜ ಒಳಗಿನಿಂದ ಕೂಗಿ ಹೇಳುತ್ತಿದ್ದಾಳೆ:

“ಒಸಿ ಮ್ಯಾಕೆ ಎತ್ತಿಸ್ಕಳ್ರಿ, ಬೆನ್ನು ನೋಯ್ತದೆ.”

ನೋಯಲಿ ಬಿಡು ಎನ್ನುತ್ತೇನೆ.